ಅಟ್ಲಾಂಟಿಕ್ ಅಂಚಿನ ದಾರಿ: ಕೆರಿಯಿಂದ ಡೊನೆಗಾಲ್‌ವರೆಗೆ

ಐರ್ಲೆಂಡಿನ ಪಶ್ಚಿಮ ದಂಡೆಯ ಉದ್ದಕ್ಕೂ ಒಂದು ದಾರಿ ಇದೆ. ಹೆಸರು ವೈಲ್ಡ್ ಅಟ್ಲಾಂಟಿಕ್ ವೇ. ದಕ್ಷಿಣದ ಕಿನ್ಸೇಲ್ ಊರಿನಿಂದ ಉತ್ತರದ ಡೊನೆಗಾಲ್ ತುದಿಯವರೆಗೆ ಸುಮಾರು 2500 ಕಿಲೋಮೀಟರ್. ಈ ಹೆಸರು ಬಂದಿದ್ದು 2014ರಲ್ಲಿ, ಆದರೆ ರಸ್ತೆಗಳು ಹಳೆಯವು. ಮೀನುಗಾರರು, ಕುರಿ ಕಾಯುವವರು, ಊರು ಬಿಟ್ಟು ಹಡಗು ಹತ್ತಲು ಹೊರಟವರು ನಡೆದ ದಾರಿಗಳನ್ನೇ ಜೋಡಿಸಿ ಅಲೆಯ ಗುರುತಿನ ಫಲಕ ನೆಟ್ಟಿದ್ದಾರೆ.

ನಾವಿಬ್ಬರೂ ಡಬ್ಲಿನ್‌ನಲ್ಲಿ ಕೆಲಸ ಮಾಡುವವರು. ನಾನು ಧಾರವಾಡದವಳು, ಇವರು ಕುಮಟಾದವರು. ಇಡೀ ದಾರಿಗೆ ನಮ್ಮ ರಜೆ ಸಾಲದು. ಹಾಗಾಗಿ ಮೇ ತಿಂಗಳಲ್ಲಿ ಕೆರಿ ಜಿಲ್ಲೆಯಿಂದ ಶುರು ಮಾಡಿ ಉತ್ತರಕ್ಕೆ ಹೋಗುವುದು ಎಂದು ಗೊತ್ತು ಮಾಡಿದೆವು. ದಕ್ಷಿಣದಿಂದ ಉತ್ತರಕ್ಕೆ ಹೋಗುವುದಕ್ಕೆ ಕಾರಣ ಇದೆ. ಇಲ್ಲೂ ನಮ್ಮಲ್ಲಿಯಂತೆ ರಸ್ತೆಯ ಎಡಗಡೆ ಗಾಡಿ ಓಡಿಸುವುದು. ಉತ್ತರಕ್ಕೆ ಹೊರಟರೆ ಸಮುದ್ರವೂ ಎಡಕ್ಕೇ ಬರುತ್ತದೆ. ಎಲ್ಲಿ ಬೇಕಾದರೂ ಪಕ್ಕಕ್ಕೆ ತಗೊಂಡು ನಿಲ್ಲಿಸಬಹುದು, ಎದುರಿನ ಗಾಡಿಗಳನ್ನು ದಾಟಬೇಕಿಲ್ಲ. ಡ್ರೈವರ್ ಪಕ್ಕ ಕೂತವರಿಗೆ ಸಮುದ್ರ ಪೂರ್ತಿ ಕಾಣುತ್ತದೆ. ಅದು ನನ್ನ ಸೀಟು.

ಶನಿವಾರ: ವ್ಯಾಲೆನ್ಷಿಯಾ ದ್ವೀಪ

ಡಬ್ಲಿನ್‌ನಿಂದ ಲಿಮರಿಕ್‌ವರೆಗೆ ಹೆದ್ದಾರಿ. ಹೇಳುವಂಥದ್ದು ಏನೂ ಇಲ್ಲ. ಕಿಲ್ಲಾರ್ಗ್ಲಿನ್ ದಾಟಿದ ಮೇಲೆ ಬೆಟ್ಟ ರಸ್ತೆಯನ್ನು ಸಮುದ್ರದ ಕಡೆ ತಳ್ಳುತ್ತಾ ಹೋಗುತ್ತದೆ. ಮಧ್ಯಾಹ್ನ ರೀನಾರ್ಡ್ ಎಂಬಲ್ಲಿ ಸಣ್ಣ ಫೆರಿಗೆ ಕಾರು ಹತ್ತಿಸಿದೆವು. ನಾಲ್ಕು ಮಾತು ಆಡುವಷ್ಟರಲ್ಲಿ ಆಚೆ ದಡ, ನೈಟ್ಸ್‌ಟೌನ್.

ನೋಡಲು ತೀರಾ ಸಣ್ಣ ಊರು. ಆದರೆ ಯುರೋಪು ಮತ್ತು ಅಮೆರಿಕ ಮೊದಲ ಸಲ ತಂತಿಯಲ್ಲಿ ಮಾತಾಡಿದ್ದು ಈ ದ್ವೀಪದಿಂದ. 1858ರಲ್ಲಿ ಇಲ್ಲಿಂದ ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಸಮುದ್ರದ ತಳದಲ್ಲಿ ಕೇಬಲ್ ಹಾಸಿದರು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ್ದು 98 ಪದಗಳ ಸಂದೇಶ. ಅದು ಆಚೆ ಮುಟ್ಟಲು 16 ಗಂಟೆ ಬೇಕಾಯಿತು. ಕೆಲವೇ ವಾರಗಳಲ್ಲಿ ಆ ಕೇಬಲ್ ಸತ್ತೇಹೋಯಿತು. ಬಿಡದೆ ಮತ್ತೆ ಮತ್ತೆ ಹಾಸಿದರು. 1866ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ದೈತ್ಯ ಹಡಗು ಹಾಸಿದ ಕೇಬಲ್ ಗಟ್ಟಿಯಾಗಿ ನಿಂತಿತು. ನಂತರ ನೂರು ವರ್ಷ, 1966ರವರೆಗೆ, ಇಲ್ಲಿ ತಂತಿ ಕೇಂದ್ರ ನಡೆಯಿತು.

ಸಂಜೆ ದ್ವೀಪದ ಉತ್ತರ ಅಂಚಿನ ಬಂಡೆಗಳ ಹತ್ತಿರ ಇಳಿದೆವು. ಬೂದು ಕಲ್ಲಿನ ಮೇಲೆ ಸಾಲಾಗಿ ಸಣ್ಣ ಗುಳಿಗಳು. ಸುಮಾರು 38 ಕೋಟಿ ವರ್ಷಗಳ ಹಿಂದೆ, ನಾಲ್ಕು ಕಾಲಿನ ಪ್ರಾಣಿಯೊಂದು ಒದ್ದೆ ಕೆಸರಲ್ಲಿ ನಡೆದ ಹೆಜ್ಜೆಗಳು ಇವು. ಬೆನ್ನೆಲುಬಿನ ಪ್ರಾಣಿಗಳು ನೀರು ಬಿಟ್ಟು ನೆಲಕ್ಕೆ ಬರುತ್ತಿದ್ದ ಕಾಲದ್ದು. ಹಗ್ಗದ ಆಚೆ ನಿಂತೇ ನೋಡಬೇಕು. ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕು. ಓರೆ ಬಿಸಿಲು ಬಿದ್ದಾಗ ಗುಳಿಗಳ ಅಂಚು ಸ್ಪಷ್ಟವಾಗುತ್ತದೆ, ಹಾಗಾಗಿ ಇಲ್ಲಿಗೆ ಸಂಜೆಯೇ ಹೋಗಿ.

ಭಾನುವಾರ: ಡಿಂಗಲ್, ಖಾಲಿಯಾದ ದ್ವೀಪ

ಬೆಳಿಗ್ಗೆ ದೋಣಿಯವರ ಮೆಸೇಜು ಬಂತು: ಇವತ್ತು ಸ್ಕೆಲಿಗ್ ಮೈಕಲ್‌ಗೆ ದೋಣಿ ಇಲ್ಲ. ಆಕಾಶ ಶುಭ್ರವಾಗಿತ್ತು, ಗಾಳಿಯೂ ಇರಲಿಲ್ಲ. ನನಗೆ ಅರ್ಥವಾಗಲಿಲ್ಲ. ಇವರು ಸಮುದ್ರದ ಪಕ್ಕ ಹುಟ್ಟಿ ಬೆಳೆದವರು. ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಗಾಳಿ ಇಲ್ಲಿ ಇಲ್ಲ ಅಷ್ಟೇ. ಎಲ್ಲೋ ದೂರದಲ್ಲಿ ಎದ್ದ ಬಿರುಗಾಳಿಯ ಅಲೆ ಇದು. ದಡದಲ್ಲಿ ಗೊತ್ತಾಗಲ್ಲ, ಬಂಡೆಗೆ ದೋಣಿ ಕಟ್ಟೋಕೆ ಹೋದಾಗ ಗೊತ್ತಾಗುತ್ತೆ" ಅಂದರು.

ಸ್ಕೆಲಿಗ್ ದಡದಿಂದ ಸುಮಾರು 12 ಕಿಲೋಮೀಟರ್ ಆಚೆ ಇರುವ ಚೂಪು ಬಂಡೆ, 218 ಮೀಟರ್ ಎತ್ತರ. ನೂರಾರು ಕಲ್ಲು ಮೆಟ್ಟಿಲು ಹತ್ತಿದರೆ ಮೇಲೆ ಕ್ರೈಸ್ತ ಸನ್ಯಾಸಿಗಳು ಗಾರೆ ಇಲ್ಲದೆ ಕಟ್ಟಿಕೊಂಡ ಗುಡಿಸಲುಗಳಿವೆ. 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ಮಾಡಿದರೂ ಸಮುದ್ರ ಒಪ್ಪಬೇಕು. ನಾವು ಬ್ರೇ ಹೆಡ್ ಗುಡ್ಡ ಹತ್ತಿ ದೂರದಿಂದಲೇ ನೋಡಿದೆವು. ಪಕ್ಕದ ಸಣ್ಣ ಸ್ಕೆಲಿಗ್ ಬೆಳ್ಳಗೆ ಕಾಣುತ್ತಿತ್ತು. ಸಾವಿರಾರು ಗ್ಯಾನೆಟ್ ಹಕ್ಕಿಗಳು ಅಲ್ಲಿ ಗೂಡು ಕಟ್ಟಿವೆ. ಆ ಬಿಳುಪು ಹಕ್ಕಿಗಳದ್ದು, ಹಿಕ್ಕೆಯದ್ದು.

ಮಧ್ಯಾಹ್ನದ ಹೊತ್ತಿಗೆ ಡಿಂಗಲ್. ಅಲ್ಲಿಂದ ಸ್ಲೇ ಹೆಡ್ ಸುತ್ತುವ ರಸ್ತೆ. ಪ್ರದಕ್ಷಿಣೆಯಾಗಿ ಹೋಗಿ ಎಂದು ಎಲ್ಲರೂ ಹೇಳುತ್ತಾರೆ, ಕೇಳಿ. ರಸ್ತೆ ಅಷ್ಟು ಕಿರಿದು. ಒಂದು ತಿರುವಿನಲ್ಲಿ ಸಣ್ಣ ಹೊಳೆ ರಸ್ತೆಯ ಮೇಲೇ ಹರಿಯುತ್ತದೆ, ಅದರಲ್ಲೇ ಗಾಡಿ ಇಳಿಸಬೇಕು. ಎದುರಿಗೆ ಬಂದ ಪ್ರತಿ ಡ್ರೈವರೂ ಸ್ಟೇರಿಂಗ್‌ನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ಇವರೂ ಬೇಗ ಕಲಿತುಬಿಟ್ಟರು.

ತಿರುವು ದಾಟಿದ ಕೂಡಲೇ ಬ್ಲಾಸ್ಕೆಟ್ ದ್ವೀಪಗಳು ಎದುರಾದವು. "ರೀ, ಗಾಡಿ ನಿಲ್ಲಸ್ರಿ" ಅಂದೆ. ದೊಡ್ಡ ಬ್ಲಾಸ್ಕೆಟ್‌ನ ಹಸಿರು ಇಳಿಜಾರಿನಲ್ಲಿ ಮನೆಗಳ ಗೋಡೆಗಳು ಬರಿಗಣ್ಣಿಗೆ ಕಾಣುತ್ತವೆ. ಛಾವಣಿ ಇಲ್ಲ.

ಒಂದು ಕಾಲಕ್ಕೆ ಅಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಇದ್ದರು. ಮೀನು, ಆಲೂಗಡ್ಡೆ, ಕುರಿ, ಮನೆಗೆ ಸಾಲುವಷ್ಟು ಹಾಲು. ರಾತ್ರಿಯೆಲ್ಲ ಕತೆ. ಐರಿಷ್ ಭಾಷೆ ಕಲಿಯಲು ವಿದ್ವಾಂಸರು ದೂರದಿಂದ ಬಂದು ಈ ಮೀನುಗಾರರ ಮನೆಯಲ್ಲಿ ಉಳಿಯುತ್ತಿದ್ದರು. ಅವರ ಒತ್ತಾಯಕ್ಕೆ ದ್ವೀಪದವರೇ ತಮ್ಮ ಬದುಕನ್ನು ಬರೆದರು, ಬರೆಸಿದರು. ಆ ಪುಸ್ತಕಗಳು ಇವತ್ತಿಗೂ ಐರಿಷ್ ಸಾಹಿತ್ಯದ ಹೆಮ್ಮೆ. ಆದರೆ ಹುಡುಗರು, ಹುಡುಗಿಯರು ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೋದರು. ಹೆಚ್ಚಿನವರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಎಂಬ ಒಂದೇ ಊರಿಗೆ. ಉಳಿದವರಿಗೆ ದೋಣಿ ಎಳೆಯುವಷ್ಟು ಕೈ ಇರಲಿಲ್ಲ. 1947ರ ಚಳಿಗಾಲದಲ್ಲಿ ಒಬ್ಬ ಯುವಕ ಕಾಯಿಲೆ ಬಿದ್ದ. ಸಮುದ್ರ ಕೆಟ್ಟಿತ್ತು, ಡಾಕ್ಟರು ಬರಲಾಗಲಿಲ್ಲ. ಅವನು ತೀರಿಕೊಂಡ. ಅದಾದ ಮೇಲೆ ಜನರ ಧೈರ್ಯ ಉಡುಗಿತು. ತಮ್ಮನ್ನು ದಡಕ್ಕೆ ಸೇರಿಸಿ ಎಂದು ತಾವೇ ಸರ್ಕಾರವನ್ನು ಕೇಳಿಕೊಂಡರು. 1953ರ ನವೆಂಬರ್ 17ರಂದು ದ್ವೀಪ ತೆರವು ಮಾಡುವ ಕೆಲಸ ಶುರುವಾಯಿತು. ಆಗ ಅಲ್ಲಿ ಉಳಿದಿದ್ದವರು 22 ಜನ.

ಡನ್‌ಕ್ವಿನ್ ಬಂದರಿನಲ್ಲಿ ಅವರು ಬಳಸುತ್ತಿದ್ದಂಥ ದೋಣಿಗಳು ಬೋರಲಾಗಿ ಮಲಗಿದ್ದವು. ತೆಳು ಮರದ ಪಟ್ಟಿಗಳ ಅಸ್ಥಿ, ಮೇಲೆ ಟಾರು ಬಳಿದ ಕ್ಯಾನ್ವಾಸು. ಹಿಂದೆ ಕ್ಯಾನ್ವಾಸಿನ ಜಾಗದಲ್ಲಿ ತೊಗಲು ಇರುತ್ತಿತ್ತು. ಹಂಪಿಯ ಹರಿಗೋಲನ್ನು ಉದ್ದಕ್ಕೆ ಎಳೆದು ಮೂತಿ ಮೇಲೆತ್ತಿದ ಹಾಗೆ. ಇಷ್ಟು ಹಗುರ ದೋಣಿಯಲ್ಲಿ ಈ ಸಮುದ್ರಕ್ಕೆ ಇಳಿಯುತ್ತಿದ್ದರು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೋಮವಾರ: ಶ್ಯಾನನ್ ದಾಟಿ ಮೋಹರ್‌ಗೆ

ಕಾನರ್ ಪಾಸ್ ಘಟ್ಟ ಹತ್ತುವಾಗ ಇವರು ಒಂದು ಮಾತೂ ಆಡಲಿಲ್ಲ. ಒಂದು ಕಡೆ ರಸ್ತೆಗೆ ಚಾಚಿದ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಮಧ್ಯದಲ್ಲಿ ಒಂದೇ ಕಾರಿನ ಜಾಗ. ಭಾರದ ಗಾಡಿಗಳಿಗೆ ಇಲ್ಲಿ ಪ್ರವೇಶವಿಲ್ಲ. ದೊಡ್ಡ ಕ್ಯಾಂಪರ್ ವ್ಯಾನ್ ತರುವವರು ಬೇರೆ ದಾರಿ ನೋಡಬೇಕು.

ಟಾರ್ಬರ್ಟ್‌ನಲ್ಲಿ ಮತ್ತೆ ಫೆರಿ. ಶ್ಯಾನನ್ ನದಿ ಸಮುದ್ರ ಸೇರುವ ಅಗಲ ಜಾಗವನ್ನು 20 ನಿಮಿಷದಲ್ಲಿ ದಾಟಿಸುತ್ತಾರೆ. ಇಲ್ಲದಿದ್ದರೆ ಲಿಮರಿಕ್ ಸುತ್ತಿಕೊಂಡು 137 ಕಿಲೋಮೀಟರ್ ಜಾಸ್ತಿ. ಫೆರಿಯ ಮೇಲೆ ನಿಂತು ಸೋಡಾ ಬ್ರೆಡ್‌ಗೆ ಬೆಣ್ಣೆ ಹಚ್ಚಿ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದೆವು. ಈ ಬ್ರೆಡ್ಡಿಗೆ ಯೀಸ್ಟ್ ಹಾಕುವುದಿಲ್ಲ, ಮಜ್ಜಿಗೆ ಮತ್ತು ಅಡುಗೆ ಸೋಡಾ ಮಾತ್ರ. ನಮ್ಮ ಚಟ್ನಿಗೆ ಹೇಳಿ ಮಾಡಿಸಿದ ಹಾಗಿದೆ.

ಕ್ಲಿಫ್ಸ್ ಆಫ್ ಮೋಹರ್ ಎಲ್ಲರ ಫೋಟೋದಲ್ಲೂ ಇರುತ್ತದೆ. ಹಾಗಾಗಿ ನನಗೆ ಸ್ವಲ್ಪ ಅನುಮಾನ ಇತ್ತು. ಹಗಲು ಹೊತ್ತಿನ ಬಸ್ಸುಗಳೆಲ್ಲ ಹೊರಟುಹೋದ ಮೇಲೆ, ಸಂಜೆ ಆರರ ನಂತರ ಹೋದೆವು. ಬಂಡೆಗಳ ಮುಖ ಪಶ್ಚಿಮಕ್ಕೆ ಇರುವುದರಿಂದ ಬೆಳಕು ನೇರವಾಗಿ ಬೀಳುವುದು ಆಗಲೇ. ಅತಿ ಎತ್ತರದ ಜಾಗ 214 ಮೀಟರ್. ಬಂಡೆಯಲ್ಲಿ ಪದರ ಪದರ. ಹಿಂದೆ ಇಲ್ಲಿ ದೊಡ್ಡ ನದಿಯೊಂದು ಸಮುದ್ರ ಸೇರುತ್ತಿತ್ತು. ಅದು ತಂದು ಹಾಕಿದ ಮರಳು, ಹೂಳು ಗಟ್ಟಿಯಾಗಿ ಹೀಗೆ ನಿಂತಿದೆ. ಬೈನಾಕ್ಯುಲರ್‌ನಲ್ಲಿ ಹುಡುಕಿ ಹುಡುಕಿ ಪಫಿನ್ ಹಕ್ಕಿ ಕಂಡೆವು. ಕಿತ್ತಳೆ ಕೊಕ್ಕು, ಗಾಬರಿಯಲ್ಲಿ ಬಡಿಯುವ ಪುಟ್ಟ ರೆಕ್ಕೆ. ಏಪ್ರಿಲ್‌ನಿಂದ ಜುಲೈವರೆಗೆ ಮಾತ್ರ ಅವು ಇಲ್ಲಿರುತ್ತವೆ, ಉಳಿದ ಕಾಲ ನಡುಸಮುದ್ರದಲ್ಲಿ. ಅಂಚಿನ ಕಾಲುದಾರಿಯ ಕೆಲವು ಭಾಗ ಮುಚ್ಚಿತ್ತು. ಮುಚ್ಚಿದ ಕಡೆ ಬೇಲಿ ದಾಟಿ ಸೆಲ್ಫಿಗೆ ಹೋಗುತ್ತಿದ್ದವರನ್ನು ನೋಡಿ ಸಿಟ್ಟೇ ಬಂತು. ಅಲ್ಲಿ ಜನ ಬಿದ್ದು ಸತ್ತಿದ್ದಾರೆ.

ಮಂಗಳವಾರ: ಬರೆನ್, ಗಾಲ್ವೇ

ಡೂಲಿನ್‌ನಿಂದ ಬ್ಲ್ಯಾಕ್ ಹೆಡ್ ಕಡೆಗೆ ಹೋಗುವಾಗ ಹಸಿರು ಸಟ್ಟನೆ ನಿಂತುಹೋಗುತ್ತದೆ. ಬೆಟ್ಟವೆಲ್ಲ ಬೂದು ಸುಣ್ಣದ ಕಲ್ಲು. ಈ ಸೀಮೆಯೇ ಬರೆನ್. 1650ರ ಸುಮಾರಿಗೆ ಬಂದ ಇಂಗ್ಲಿಷ್ ಸೇನಾಧಿಕಾರಿ ಲಡ್ಲೋ, ಇಲ್ಲಿ ಒಬ್ಬನನ್ನು ಮುಳುಗಿಸಲು ನೀರಿಲ್ಲ, ನೇಣು ಹಾಕಲು ಮರವಿಲ್ಲ, ಹೂಳಲು ಮಣ್ಣಿಲ್ಲ ಎಂದು ಬರೆದಿದ್ದ. ಬಂದವನ ಕಣ್ಣಿಗೆ ಬರೀ ಕೊಲ್ಲುವ ಲೆಕ್ಕ ಕಂಡಿತು. ಕಲ್ಲಿನ ಬಿರುಕಿಗೆ ಬಗ್ಗಿ ನೋಡಬೇಕಿತ್ತು. ನಾವು ಹೋದಾಗ ಜೆಂಷಿಯನ್ ಅರಳಿತ್ತು, ಅಂಥ ಗಾಢ ನೀಲಿಯನ್ನು ನಾನು ಬೇರೆ ಹೂವಿನಲ್ಲಿ ಕಂಡಿಲ್ಲ. ಹಿಮದ ಧ್ರುವ ಪ್ರದೇಶದ ಗಿಡ, ಆಲ್ಪ್ಸ್ ಬೆಟ್ಟದ ಗಿಡ, ಬಿಸಿಲಿನ ಮೆಡಿಟರೇನಿಯನ್ ಕಡೆಯ ಗಿಡ ಮೂರೂ ಇಲ್ಲಿ ಅಕ್ಕಪಕ್ಕ ಬೆಳೆಯುತ್ತವೆ.

ಇದಕ್ಕೆ ದನಗಳೂ ಕಾರಣ. ಬೇರೆ ಕಡೆ ಬೇಸಿಗೆಯಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆಯುತ್ತಾರೆ, ಬರೆನ್ ರೈತರು ಚಳಿಗಾಲಕ್ಕೆ ಹೊಡೆಯುತ್ತಾರೆ. ಸುಣ್ಣದ ಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರೂ ನಿಲ್ಲುವುದಿಲ್ಲ. ದನ ಚಳಿಗಾಲದಲ್ಲಿ ಒರಟು ಹುಲ್ಲನ್ನು ಮೇಯ್ದು ಕೆಳಗಿಳಿದ ಮೇಲೆ ವಸಂತದ ಹೂಗಳಿಗೆ ಬೆಳಕು ಸಿಗುತ್ತದೆ. ಪೌಲ್ನಬ್ರೋನ್ ಎಂಬಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಗೋರಿ ಇದೆ. ಅದನ್ನು ಕಟ್ಟಿದವರೂ ರೈತರೇ.

ಸಂಜೆ ಗಾಲ್ವೇ. ಬಣ್ಣದ ಬೀದಿ, ಪಿಟೀಲು, ನಗು. ಆದರೆ ಈ ಊರಿಗೆ ಬಂದ ಕನ್ನಡದವರಿಗೆ ಒಂದು ಹೆಸರು ನೆನಪಾಗದೆ ಇರದು. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಗರ್ಭಪಾತವಾಗುತ್ತಿದ್ದಾಗ ಇಲ್ಲಿ ಆಸ್ಪತ್ರೆ ಸೇರಿದರು. ಮಗು ಉಳಿಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಮಗುವಿನ ಎದೆಬಡಿತ ಇರುವವರೆಗೆ ಗರ್ಭ ತೆಗೆಯಲು ಅಂದಿನ ಕಾನೂನು ಬಿಡುವುದಿಲ್ಲ ಎಂದರು. ನಂಜೇರಿ ತೀರಿಕೊಂಡರು. ಅವರ ಸಾವು ಈ ದೇಶವನ್ನು ಬೀದಿಗೆ ತಂದಿತು. 2018ರ ಮೇ 25ರಂದು ನಡೆದ ಜನಮತದಲ್ಲಿ ಶೇಕಡಾ 66ರಷ್ಟು ಜನ ಆ ಕಾನೂನಿನ ಬೇರನ್ನೇ ಸಂವಿಧಾನದಿಂದ ಕಿತ್ತುಹಾಕಿದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಬರೆದಿದ್ದ ಅವರ ಚಿತ್ರಕ್ಕೆ ಅಪರಿಚಿತ ಹೆಂಗಸರು ಚೀಟಿಗಳನ್ನು ಅಂಟಿಸಿ ಹೋದರು. ನಾನು ಇಲ್ಲಿನ ವೈದ್ಯರ ಬಳಿ ಹೋಗಿ ಧೈರ್ಯವಾಗಿ ಮಾತಾಡಬಲ್ಲೆನಾದರೆ, ಅದರಲ್ಲಿ ಸವಿತಾ ಅವರ ಋಣವಿದೆ. ಆ ರಾತ್ರಿ ನಾವಿಬ್ಬರೂ ಸಾಲ್ಟ್‌ಹಿಲ್‌ನ ದಂಡೆಯ ದಾರಿಯಲ್ಲಿ ತುಂಬ ಹೊತ್ತು ನಡೆದೆವು.

ಬುಧವಾರ: ಕೊನೆಮಾರಾ

ದಿನವಿಡೀ ಜಿಟಿಜಿಟಿ ಮಳೆ. ಕ್ಲಿಫ್ಡೆನ್ ಹತ್ತಿರದ ಡೆರಿಗಿಮ್ಲಾ ಜೌಗು ಭೂಮಿಯಲ್ಲಿ ಒಂದು ಸುತ್ತು ನಡೆದೆವು. 1907ರಲ್ಲಿ ಮಾರ್ಕೋನಿ ಇಲ್ಲಿಂದ ಅಟ್ಲಾಂಟಿಕ್ ಆಚೆಗೆ ನಿಸ್ತಂತು ಸಂದೇಶ ಕಳಿಸುವ ವ್ಯಾಪಾರ ಶುರು ಮಾಡಿದ. 1919ರ ಜೂನ್ 15ರಂದು ಆಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ವೈಮಾನಿಕರು ನ್ಯೂಫೌಂಡ್‌ಲ್ಯಾಂಡ್‌ನಿಂದ ಎಲ್ಲೂ ಇಳಿಯದೆ ಹಾರಿ ಬಂದು ಇದೇ ಜಾಗದಲ್ಲಿ ಇಳಿದರು. ಮೇಲಿನಿಂದ ಹುಲ್ಲುಗಾವಲಿನಂತೆ ಕಂಡಿತಂತೆ. ಇಳಿದರೆ ಜೌಗು, ವಿಮಾನದ ಮೂತಿ ಹೂತುಹೋಯಿತು. ಇಬ್ಬರೂ ಬದುಕಿದರು. ಕೇಬಲ್, ರೇಡಿಯೋ, ವಿಮಾನ ಮೂರೂ ಅಮೆರಿಕಕ್ಕೆ ಹತ್ತಿರವಾದ ಈ ದಂಡೆಯನ್ನೇ ಹುಡುಕಿ ಬಂದವು, ಅಲ್ವಾ? ಇಲ್ಲಿನ ಜನ ಮಾತ್ರ ಅದೇ ಕಾಲದಲ್ಲಿ ಊರು ಬಿಡುತ್ತಿದ್ದರು.

ಗುರುವಾರ: ಡೂಲಾಕ್

ಇಡೀ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಣಿವೆ. ಕಿಲರಿ ಎಂಬ ಉದ್ದನೆಯ ಕಡಲ ಚಾಚು ದಾಟಿ ಮೇಯೋ ಜಿಲ್ಲೆಗೆ ಬಂದರೆ, ಎರಡು ಬೆಟ್ಟಗಳ ನಡುವೆ ಕಪ್ಪು ನೀರಿನ ಸರೋವರ. ಮನೆ ಇಲ್ಲ, ಮರ ಇಲ್ಲ. ಕುರಿಗಳಿವೆ. ತುಂಬಾ ಚೆಂದ.

ದಾರಿಯುದ್ದಕ್ಕೂ ಬೆಟ್ಟದ ಇಳಿಜಾರಿನಲ್ಲಿ ಹುಲ್ಲಿನ ಕೆಳಗೆ ಸಾಲು ಸಾಲು ಉಬ್ಬುಗಳು ಕಾಣುತ್ತವೆ. ಅವು ಆಲೂಗಡ್ಡೆ ಏರಿಗಳು. ಅಷ್ಟು ಕಡಿದಾದ ಜಾಗದಲ್ಲೂ ಜನ ಬೆಳೆ ತೆಗೆಯುತ್ತಿದ್ದರು. ಒಳ್ಳೆಯ ನೆಲ ಜಮೀನುದಾರರದ್ದು. ಬೆಳೆದ ಓಟ್ಸು, ಸಾಕಿದ ದನ ಗೇಣಿಗೆ ಹೋಗುತ್ತಿತ್ತು. ಬಡವರ ಹೊಟ್ಟೆಗೆ ಆಲೂಗಡ್ಡೆ ಒಂದೇ. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಂತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಧಾನ್ಯ, ದನ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು.

1849ರ ಮಾರ್ಚ್ ಕೊನೆಯಲ್ಲಿ ಲೂಯಿಸ್‌ಬರ್ಗ್ ಊರಿನಲ್ಲಿ ಹಸಿದ ನೂರಾರು ಜನ ಪರಿಹಾರಕ್ಕೆ ಸೇರಿದರು. ತಪಾಸಣೆಗೆ ಬಂದ ಅಧಿಕಾರಿಗಳು ಡೆಲ್ಫಿ ಎಂಬ ಬಂಗಲೆಗೆ ಹೋಗಿದ್ದರು. ಬೆಳಿಗ್ಗೆ ಅಲ್ಲಿಗೇ ಬನ್ನಿ, ಬರದಿದ್ದರೆ ಪರಿಹಾರದ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದರು. ಚಳಿ, ಮಳೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಈ ಕಣಿವೆಯಲ್ಲಿ ನಡೆದರು. ಡೆಲ್ಫಿಯಲ್ಲಿ ಅವರಿಗೆ ಏನೂ ಸಿಗಲಿಲ್ಲ. ಹೋಗುತ್ತಾ ಬರುತ್ತಾ ಹಲವರು ದಾರಿಯಲ್ಲೇ ಸತ್ತರು.

ರಸ್ತೆ ಪಕ್ಕ ಒಂದು ಸಾದಾ ಕಲ್ಲಿನ ಸ್ಮಾರಕ ಇದೆ. 1849ರಲ್ಲಿ ಇಲ್ಲಿ ನಡೆದ, ಇವತ್ತು ಬಡ ದೇಶಗಳಲ್ಲಿ ನಡೆಯುತ್ತಿರುವ ಹಸಿದವರ ನೆನಪಿಗೆ ಎಂದು ಬರೆದಿದ್ದಾರೆ. ಗಾಂಧೀಜಿಯವರ ಮಾತನ್ನೂ ಕೆತ್ತಿದ್ದಾರೆ: ತನ್ನಂಥ ಮನುಷ್ಯರನ್ನು ಅವಮಾನಿಸಿ ಯಾರಿಗಾದರೂ ಗೌರವ ಬಂತು ಅನ್ನಿಸುವುದು ಹೇಗೆ ಎಂಬ ಪ್ರಶ್ನೆ ಅದು. ಇಷ್ಟು ದೂರದ, ಮನುಷ್ಯರ ಸುಳಿವಿಲ್ಲದ ಕಣಿವೆಯಲ್ಲಿ ಅವರ ಹೆಸರು ಓದಿ ನನಗೆ ಗಂಟಲು ಕಟ್ಟಿತು.

ನಮ್ಮಲ್ಲಿಯೂ ಇದೇ ಆಗಿದೆ. 1876ರಿಂದ 78ರವರೆಗಿನ ಧಾತು-ಈಶ್ವರ ಬರ. ಮೈಸೂರು ಸಂಸ್ಥಾನ, ಬಳ್ಳಾರಿ, ಕಲಾದಗಿ, ನಮ್ಮ ಧಾರವಾಡ, ಎಲ್ಲ ಕಡೆ ಜನ ಲಕ್ಷಗಟ್ಟಲೆ ಸತ್ತರು. ಆಗಲೂ ಮದ್ರಾಸಿನಿಂದ ಧಾನ್ಯ ಹಡಗು ಹತ್ತಿತು. ಎರಡೂ ಕಡೆ ಆಳುತ್ತಿದ್ದವರು ಬ್ರಿಟಿಷರೇ. ಐರ್ಲೆಂಡಿನಲ್ಲಿ ಊರೂರಿಗೂ ಆ ಕಾಲದ ಗುರುತಿನ ಕಲ್ಲಿದೆ, ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುತ್ತಾರೆ, ಈ ದಾರಿಯಲ್ಲಿ ಈಗಲೂ ಪ್ರತಿ ವರ್ಷ ಜನ ಸೇರಿ ನಡೆಯುತ್ತಾರೆ. ನಮ್ಮ ಬರದಲ್ಲಿ ಸತ್ತವರಿಗೆ ಒಂದು ಕಲ್ಲು ನಾನು ಎಲ್ಲೂ ನೋಡಿಲ್ಲ. ಇದನ್ನು ಇವರ ಹತ್ತಿರ ಹೇಳಿದೆ. "ಊರಿಗೆ ಹೋದಾಗ ಹುಡುಕೋಣ. ಇಲ್ಲದಿದ್ರೆ ನೀನೇ ಬರಿ" ಅಂದರು.

ಶುಕ್ರವಾರ: ಅಕಿಲ್

ವೆಸ್ಟ್‌ಪೋರ್ಟ್‌ನಿಂದ ಅಕಿಲ್ ದ್ವೀಪಕ್ಕೆ ಸೇತುವೆ ಮೇಲೇ ಹೋಗಬಹುದು. ಕೀಮ್ ಕಡಲತೀರಕ್ಕೆ ಇಳಿಯುವ ತಿರುವಿನಲ್ಲಿ ಮೋಡ ಸರಿಯಿತು. ಕೆಳಗೆ ಹಸಿರು ನೀಲಿ ನೀರು. ಇವರು ಪ್ಯಾಂಟು ಮಡಚಿ ಇಳಿದೇಬಿಟ್ಟರು, ಒಂದು ನಿಮಿಷದಲ್ಲಿ ಕಾಲು ಕೆಂಪಗೆ ಮಾಡಿಕೊಂಡು ಬಂದರು. ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಜನ ಬಿಟ್ಟುಹೋದ ಹಳ್ಳಿಯ ಕಲ್ಲು ಮನೆಗಳು ಒಂದೇ ಸಾಲಾಗಿ ನಿಂತಿವೆ. ಹಿಂದಿನ ದಿನ ಡೂಲಾಕ್ ನೋಡಿದ್ದರಿಂದ ಅಲ್ಲಿ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಶನಿವಾರ: ಸ್ಲೀವ್ ಲೀಗ್, ಮತ್ತೆ ಡಬ್ಲಿನ್

ಬೇಗ ಹೊರಟು ಸ್ಲೈಗೋ ದಾಟಿದೆವು. ಮುಲ್ಲಾಮೋರ್ ಬಂದರಿನಲ್ಲಿ ಕಾಫಿ. ಭಾರತದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ 1979ರ ಆಗಸ್ಟ್ 27ರಂದು ಇಲ್ಲಿಂದಲೇ ದೋಣಿಯಲ್ಲಿ ಹೊರಟಿದ್ದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಗುಂಪು ಐಆರ್‌ಎ ದೋಣಿಯಲ್ಲಿ ಬಾಂಬ್ ಇಟ್ಟಿತ್ತು. ಅವರ ಜೊತೆ ಇಬ್ಬರು ಹುಡುಗರೂ ಸತ್ತರು.

ಮಧ್ಯಾಹ್ನ ಡೊನೆಗಾಲ್‌ನ ಸ್ಲೀವ್ ಲೀಗ್. ಕಾರು ಕೆಳಗೆ ಬಿಟ್ಟು ನಡೆದೆವು, ಮುಕ್ಕಾಲು ಗಂಟೆ ಬೇಕು. ನಡೆಯಲಾಗದವರಿಗೆ ಶಟಲ್ ಬಸ್ ಇದೆ. ಸುಮಾರು 600 ಮೀಟರ್ ಎತ್ತರದ ಬೆಟ್ಟ ನೇರ ಸಮುದ್ರಕ್ಕೆ ಜಾರುತ್ತದೆ, ಮೋಹರ್‌ಗಿಂತ ಹತ್ತಿರ ಹತ್ತಿರ ಮೂರು ಪಟ್ಟು. ಮೋಹರ್ ಗೋಡೆಯಂತೆ ನೆಟ್ಟಗೆ, ಬಣ್ಣ ಒಂದೇ. ಇಲ್ಲಿ ಕೆಂಪು, ಕಾವಿ, ಬಿಳಿ, ಹಸಿರು ಎಲ್ಲ ಕಲಸಿಕೊಂಡಿವೆ. ಯಾವುದಾದರೂ ಒಂದೇ ನೋಡಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ. ದಾರಿಯಲ್ಲಿ ನೆಲದ ಮೇಲೆ ಕಲ್ಲು ಜೋಡಿಸಿ ಬರೆದ ಐರೆ ಎಂಬ ದೊಡ್ಡ ಅಕ್ಷರಗಳಿವೆ, ಐರಿಷ್ ಭಾಷೆಯಲ್ಲಿ ಐರ್ಲೆಂಡಿನ ಹೆಸರು ಅದು. ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ಯಾರ ಪಕ್ಷವನ್ನೂ ಸೇರಿರಲಿಲ್ಲ. ಇದು ತಟಸ್ಥ ದೇಶ ಎಂದು ಪೈಲಟ್‌ಗಳಿಗೆ ತಿಳಿಯಲಿ ಎಂದು ದಂಡೆಯುದ್ದಕ್ಕೂ ಹೀಗೆ ಬರೆದಿದ್ದರು.

ಹಿಂದಿರುಗುವವರಿಗೆ ಒಂದು ಮುಖ್ಯ ಮಾತು. ಡೊನೆಗಾಲ್‌ನಿಂದ ಡಬ್ಲಿನ್‌ಗೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಬ್ಯಾಲಿಶ್ಯಾನನ್‌ನಲ್ಲಿ ತಿರುಗಿ ಎನಿಸ್ಕಿಲನ್ ಮೇಲೆ ಹೋಗುತ್ತದೆ. ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್. ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ. ಫಲಕಗಳಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೇ. ಆದರೆ ನಮ್ಮ ಹಾಗೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕೆಲಸ ಮಾಡುತ್ತಿರುವವರಿಗೆ ಅತ್ತ ಹೋಗಲು ಬ್ರಿಟನ್ ವೀಸಾ ಬೇಕು. ಯಾರೂ ಕೇಳಲ್ಲ ಬಿಡಿ ಎಂದು ಸುಮ್ನೆ ಹೋಗಬೇಡಿ. ಮ್ಯಾಪ್ ಬಾಯಿ ಮುಚ್ಚಿಸಿ ಬಂಡೋರನ್, ಸ್ಲೈಗೋ ಮೇಲೆ ಹಿಡಿದೆವು. ಸ್ಲೈಗೋ ದಾಟಿದ ಮೇಲೆ ಸ್ಟೇರಿಂಗ್ ನಾನು ತಗೊಂಡೆ. ಇವರು ಪಕ್ಕದ ಸೀಟಿನಲ್ಲಿ ಮುಂದಿನ ಮೇ ತಿಂಗಳ ಸ್ಕೆಲಿಗ್ ದೋಣಿಯ ದಿನಾಂಕ ಹುಡುಕುತ್ತಾ ಕೂತರು.